ಅಕ್ಕಪಕ್ಕದ ಎರಡು ಫ್ಲ್ಯಾಟ್ ಸೇರಿಸಿ ಒಂದು ಮನೆ ಮಾಡುವುದು: ಹಾಸನದಲ್ಲಿ ಯಾರಾದರೂ ಮಾಡಿಸಿದ್ದೀರಾ?

ಹೇಮಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ಸಾಲಗಾಮೆ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮದು ಎರಡು ಬೆಡ್‌ರೂಮಿನ ಮನೆ. 2022ರಲ್ಲಿ ಬಂದೆವು. ಪಕ್ಕದ ಫ್ಲ್ಯಾಟಿನವರು ಮಗನ ಊರಿಗೆ ಹೋಗುತ್ತಾರಂತೆ. ಮಾರುವುದಾದರೆ ಮೊದಲು ನಿಮಗೇ ಕೊಡುತ್ತೇವೆ ಅಂದಿದ್ದಾರೆ.

ಅತ್ತೆ ಮಾವ ಆಲೂರಿನ ಹತ್ತಿರ ಊರಿನಲ್ಲಿ ಇಬ್ಬರೇ ಇದ್ದಾರೆ. ಮಾವನಿಗೆ ಮಂಡಿನೋವು ಜಾಸ್ತಿಯಾಗಿದೆ. ಅತ್ತೆಗೆ ಬಿಪಿ. ಅವರನ್ನು ಇಲ್ಲಿಗೇ ಕರೆದುಕೊಂಡು ಬರಬೇಕು ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ. ಎರಡು ಮನೆ ಬೇರೆಬೇರೆ ಇಟ್ಟರೆ ರಾತ್ರಿ ಏನಾದರೂ ಆದರೆ ಬಾಗಿಲು ತೆಗೆದು, ಬೀಗ ತೆಗೆದು ಓಡಬೇಕು. ಅದಕ್ಕೆ ನಡುವಿನ ಗೋಡೆ ತೆಗೆದು ಒಂದೇ ಮನೆ ಮಾಡೋಣ ಅಂತ ಯೋಚನೆ. ನಮ್ಮ ಹಾಲಿನ ಗೋಡೆಯ ಆಚೆಗೆ ಅವರ ಊಟದ ಜಾಗ ಬರುತ್ತದೆ.

ಗೋಡೆ ಪೂರ್ತಿ ತೆಗೆಯಬಹುದಾ? ಯಾರ ಒಪ್ಪಿಗೆ ಬೇಕು? ಖಾತೆ, ಮೀಟರ್ ಎಲ್ಲ ಒಂದು ಮಾಡಬೇಕಾ? ಎರಡನೇ ಅಡುಗೆಮನೆ ಏನು ಮಾಡುವುದು? ಮಾಡಿಸಿದವರು ದಯವಿಟ್ಟು ಬಿಡಿಸಿ ಹೇಳಿ.

ಕಾಫಿ_ಹೂವು:
ತುಂಬಾ ಒಳ್ಳೆಯ ಯೋಚನೆ ಅಕ್ಕ. ಪಕ್ಕದ ಮನೆ ಸಿಗುವುದೇ ಅಪರೂಪ. ಬಿಡಬೇಡಿ.

ಬಿಎಂ_ರೋಡ್_ಅಣ್ಣ:
ನನ್ನ ಅಭಿಪ್ರಾಯ ಬೇರೆ. ಅಷ್ಟು ದುಡ್ಡು ಹಾಕುವುದಾದರೆ ಒಂದು 30x40 ಸೈಟ್ ತಗೊಂಡು ಕೆಳಗೆ ಅತ್ತೆ ಮಾವ, ಮೇಲೆ ನೀವು ಅಂತ ಕಟ್ಟಿಕೊಳ್ಳಬಹುದು. ಭೂಮಿ ನಿಮ್ಮದಾಗಿರುತ್ತದೆ. ಫ್ಲ್ಯಾಟಿನಲ್ಲಿ ಗೋಡೆ ಒಡೆಯುವುದಕ್ಕೂ ಹತ್ತು ಜನರನ್ನು ಕೇಳಬೇಕು.

ಹೇಮಾವತಿ_ದಂಡೆ:
ಅಣ್ಣ, ಅದನ್ನೂ ಯೋಚಿಸಿದೆವು. ಆದರೆ ಮನೆ ಕಟ್ಟಿ ಮುಗಿಸುವ ತನಕ ಅವರು ಅಲ್ಲೇ ಇರಬೇಕಾಗುತ್ತದೆ. ಮೆಟ್ಟಿಲು ಹತ್ತಿ ಇಳಿಯುವುದೂ ಆಗುವುದಿಲ್ಲ. ಇಲ್ಲಿ ಲಿಫ್ಟ್ ಇದೆ, ಆಸ್ಪತ್ರೆ ಹತ್ತಿರ ಇದೆ.

ಸಿವಿಲ್_ಹಾಸನ:
ನಾನು ಸ್ಟ್ರಕ್ಚರಲ್ ಕೆಲಸ ಮಾಡುವವನು. ಮೊದಲು ಒಂದು ಮಾತು. ಆ ಗೋಡೆ ಯಾವ ಜಾತಿಯದು ಅಂತ ಗೊತ್ತಾಗುವ ತನಕ ಯಾವ ಮೇಸ್ತ್ರಿಗೂ ಅಡ್ವಾನ್ಸ್ ಕೊಡಬೇಡಿ.

ಹಾಸನದ ಮೂರು ನಾಲ್ಕು ಮಹಡಿ ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ಪಿಲ್ಲರ್, ಬೀಮ್ ಮೇಲೆ ನಿಂತಿರುತ್ತವೆ. ನಡುವಿನ ಗೋಡೆ ಸುಮ್ಮನೆ ಸಾಲಿಡ್ ಬ್ಲಾಕ್ ತುಂಬಿದ್ದು. ಅಂಥದ್ದನ್ನು ತೆಗೆಯಬಹುದು. ಆದರೆ ಅಲ್ಯೂಮಿನಿಯಂ ಶೀಟ್ ಕಟ್ಟಿ ಗೋಡೆ, ಸ್ಲ್ಯಾಬ್ ಎಲ್ಲ ಒಟ್ಟಿಗೆ ಕಾಂಕ್ರೀಟ್ ಹಾಕುವ ಮಿವಾನ್ ಪದ್ಧತಿ ಇದೆಯಲ್ಲ, ಅದರಲ್ಲಿ ಗೋಡೆಯೇ ಭಾರ ಹೊರುತ್ತದೆ. ಅದನ್ನು ಮುಟ್ಟಲೇಬಾರದು. ಇಟ್ಟಿಗೆ ಅಥವಾ ಸೈಜುಗಲ್ಲಿನ ಗೋಡೆ ಮೇಲೇ ಸ್ಲ್ಯಾಬ್ ಕೂರಿಸಿದ ಹಳೆಯ ಕಟ್ಟಡದಲ್ಲೂ ಹಾಗೇ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಉದ್ದನೆಯ ಕಟ್ಟಡವಾದರೆ ನಡುವೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಇರುತ್ತದೆ. ಅಂದರೆ ಎರಡು ಭಾಗದ ನಡುವೆ ಬೇಕಂತಲೇ ಬಿಟ್ಟ ಸಂದು. ಅದು ನಿಮ್ಮ ಎರಡು ಮನೆಗಳ ನಡುವೆಯೇ ಇದ್ದರೆ ಬಿಸಿಲು ಮಳೆಗೆ ಎರಡು ಸ್ಲ್ಯಾಬ್‌ಗಳೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ. ಅದರ ಮೇಲೆ ಟೈಲ್ ಹಾಕಿದರೆ ಬಿರುಕು ಖಂಡಿತ. ಹೊರಗಿನ ಕಾರಿಡಾರಿನ ನೆಲದಲ್ಲಿ ಅಡ್ಡಲಾಗಿ ಒಂದು ಲೋಹದ ಪಟ್ಟಿ ಇದೆಯಾ ನೋಡಿ.

ಹೇಮಾವತಿ_ದಂಡೆ:
ಈಗಷ್ಟೇ ಹೋಗಿ ನೋಡಿದೆ ಸರ್. ಪಟ್ಟಿ ಇದೆ, ಆದರೆ ಅದು ಲಿಫ್ಟಿನ ಆಚೆ ಕಡೆ. ನಮ್ಮ ಎರಡೂ ಮನೆ ಈಚೆಗೇ ಇವೆ.

ಸಿವಿಲ್_ಹಾಸನ:
ಒಳ್ಳೆಯದಾಯಿತು. ಈಗ ಬಿಲ್ಡರ್ ಹತ್ತಿರ ಅಥವಾ ಅಸೋಸಿಯೇಷನ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಸೇಲ್ಸ್ ಬ್ರೋಷರ್‌ನಲ್ಲಿ ಇರುವ ಪ್ಲ್ಯಾನ್ ಸಾಲದು.

ಬೇಲೂರು_ಹುಡುಗ:
ಸರ್, ಬ್ಲಾಕ್ ಗೋಡೆ ಅಂದಮೇಲೆ ತೆಗೆದರೆ ಏನೂ ಆಗುವುದಿಲ್ಲ ಅಲ್ವಾ? ನಮ್ಮ ಮೇಸ್ತ್ರಿ ಹಾಗೇ ಹೇಳುತ್ತಾರೆ.

ಸಿವಿಲ್_ಹಾಸನ:
ಪೂರ್ತಿ ನಿಜ ಅಲ್ಲ. ಬೀಮ್ ಇಲ್ಲದ ಕಡೆ, ಬರೀ ಸ್ಲ್ಯಾಬಿನ ಕೆಳಗೆ ಕಟ್ಟಿದ ಗೋಡೆಯೂ ವರ್ಷ ಕಳೆದಂತೆ ಸ್ವಲ್ಪ ಭಾರ ತಗೊಂಡಿರುತ್ತದೆ. ಸ್ಲ್ಯಾಬ್ ಕೂದಲೆಳೆಯಷ್ಟು ಬಾಗಿದರೂ ಕೆಳಗಿನ ಗೋಡೆಗೆ ಒರಗುತ್ತದೆ. ಅದಕ್ಕೇ ಒಡೆಯುವ ಮುಂಚೆ ಪ್ರಾಪ್, ಅಂದರೆ ಸ್ಲ್ಯಾಬಿಗೆ ಕೆಳಗಿನಿಂದ ತಾತ್ಕಾಲಿಕ ಊರುಗೋಲು, ಕೊಡಬೇಕು ಅನ್ನುವುದು.

ತೊಟ್ಟಿಮನೆ_ಮಗಳು:
ಈ ಮಾತು ನೂರಕ್ಕೆ ನೂರು ಸರಿ. ನಮ್ಮದು ಬೇಲೂರಿನ ಕಡೆ ಹಳೆಯ ತೊಟ್ಟಿಮನೆ. ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರಿಗೆ ಪಾಲಾದಾಗ ಪಡಸಾಲೆಯ ನಡುವೆ ಒಂದು ಗೋಡೆ ಎಬ್ಬಿಸಿದ್ದರು. ಆಮೇಲೆ ದೊಡ್ಡಪ್ಪನ ಮಕ್ಕಳು ತಮ್ಮ ಪಾಲನ್ನು ನಮ್ಮ ಅಪ್ಪನಿಗೇ ಮಾರಿದರು. ಅಪ್ಪನಿಗೆ ಆ ಗೋಡೆ ತೆಗೆದು ಪಡಸಾಲೆ ಮೊದಲಿನ ಹಾಗೆ ಮಾಡಬೇಕು ಅಂತ ಬಹಳ ಆಸೆ. ಬಂದ ಮೇಸ್ತ್ರಿ, ಇದು ನಡುವೆ ಕಟ್ಟಿದ ಗೋಡೆ, ಇದರ ಮೇಲೆ ಭಾರವೇ ಇಲ್ಲ ಅಂತ ಹೇಳಿ ಬಡಿಯುವುದಕ್ಕೆ ಶುರು ಮಾಡಿದ.

ಅರ್ಧ ಗೋಡೆ ಇಳಿಯುವಾಗಲೇ ಅಟ್ಟದ ತೊಲೆ ಕಿರ್ ಅಂತ ಸದ್ದು ಮಾಡಿತು. ಅಮ್ಮ ಕೂಗಿದ್ದಕ್ಕೆ ಕೆಲಸ ನಿಂತಿತು. ನೋಡಿದರೆ ತೊಲೆ ಇಷ್ಟು ವರ್ಷದಲ್ಲಿ ಬಾಗಿ ಆ ಗೋಡೆಯ ಮೇಲೇ ಕೂತುಬಿಟ್ಟಿತ್ತು. ಗೋಡೆಯ ಮೇಲಿನ ಮಣ್ಣಿನಲ್ಲಿ ತೊಲೆಯ ಅಚ್ಚು ಬಿದ್ದಿತ್ತು, ಮರದ ನಾರು ಸಹಿತ ಕಾಣುತ್ತಿತ್ತು. ಕೊನೆಗೆ ಅಡಿಕೆ ಮರದ ಊರುಗೋಲು ಕೊಟ್ಟು, ಅಲ್ಲೊಂದು ಕಂಬ ನಿಲ್ಲಿಸಿ, ಆಮೇಲೆ ಗೋಡೆ ಇಳಿಸಿದರು. ಪಡಸಾಲೆ ಈಗ ಒಂದೇ ಆಗಿದೆ. ಹಬ್ಬಕ್ಕೆ ಎಲ್ಲರೂ ಅಲ್ಲೇ ಸಾಲಾಗಿ ಕೂತು ಊಟ ಮಾಡುತ್ತೇವೆ.

ಬೇಲೂರು_ಹುಡುಗ:
ಅಕ್ಕ, ಆ ಮನೆ ಇನ್ನೂ ಇದೆಯಾ? ತೊಟ್ಟಿಮನೆ ಈಗ ನೋಡಲು ಸಿಗುವುದೇ ಇಲ್ಲ.

ತೊಟ್ಟಿಮನೆ_ಮಗಳು:
ಇದೆ. ಹೆಂಚು ಮಾತ್ರ ಅಲ್ಲಲ್ಲಿ ಬದಲಾಯಿಸಿದ್ದೇವೆ.

ಕಾರ್ಯದರ್ಶಿ_ಹೇಮಾವತಿನಗರ:
ನಾನು ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ. ಒಪ್ಪಿಗೆಯ ವಿಷಯ ಹೇಳುತ್ತೇನೆ. ನಡುವಿನ ಗೋಡೆ ನಿಮ್ಮದೂ ಅಲ್ಲ, ಪಕ್ಕದವರದ್ದೂ ಅಲ್ಲ ಅನ್ನುವ ತಕರಾರು ಬರಬಹುದು. ನಿಮ್ಮ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಯಾವುದು ಒಬ್ಬೊಬ್ಬರದು, ಯಾವುದು ಎಲ್ಲರದು ಅಂತ ಬರೆದ ನೋಂದಾಯಿತ ಪತ್ರ, ತೆಗೆದು ನೋಡಿ. ಹೊರಗೋಡೆ, ಪಿಲ್ಲರ್, ಬೀಮ್, ಸ್ಲ್ಯಾಬ್, ಕಾರಿಡಾರ್, ಪೈಪ್ ಹೋಗುವ ಡಕ್ಟ್ ಎಲ್ಲವೂ ಸಾಮಾನ್ಯವಾಗಿ ಎಲ್ಲರ ಸೊತ್ತು. ಎರಡೂ ಮನೆ ಒಬ್ಬರ ಹೆಸರಿಗೆ ಬಂದರೂ ಇವು ಎಲ್ಲರದ್ದೇ.

ಮೊದಲು ಬರವಣಿಗೆಯಲ್ಲಿ ಅರ್ಜಿ ಕೊಡಿ. ಜೊತೆಗೆ ಇಂಜಿನಿಯರ್ ಸಹಿ ಇರುವ ವರದಿ ಇಡಿ. ಬಾಯಿಮಾತಿನ ಒಪ್ಪಿಗೆ ಬೇಡ. ಮುಂದಿನ ವರ್ಷ ಕಮಿಟಿ ಬದಲಾದರೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಎರಡು ಮನೆ ಒಂದಾಯಿತು, ಇನ್ನು ಒಂದೇ ಮೈಂಟೆನೆನ್ಸ್ ಕೊಡುತ್ತೇವೆ ಅಂತ ಕೆಲವರು ಬರುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ.

ಬಿಎಂ_ರೋಡ್_ಅಣ್ಣ:
ಯಾಕೆ ಕೇಳಬಾರದು? ಒಂದೇ ಕುಟುಂಬ. ಲಿಫ್ಟ್ ಬಳಸುವ ಜನ ಅಷ್ಟೇ. ಕಸದ ಬುಟ್ಟಿ ಒಂದು.

ಕಾರ್ಯದರ್ಶಿ_ಹೇಮಾವತಿನಗರ:
ಅಣ್ಣ, ಎರಡು ಕ್ರಯಪತ್ರ ಇದೆ, ಜಾಗದಲ್ಲಿ ಎರಡು ಮನೆಯ ಅವಿಭಜಿತ (ಬೇರೆ ಮಾಡಿಕೊಡದ) ಪಾಲು ಇದೆ. ಬಹಳ ಕಡೆ ವೋಟಿನ ಬಲವೂ ಆ ಪಾಲಿನ ಲೆಕ್ಕದಲ್ಲೇ. ಹಕ್ಕು ಎರಡು ಮನೆಯದ್ದು, ಖರ್ಚು ಒಂದು ಮನೆಯದ್ದು ಅಂದರೆ ಉಳಿದವರು ಒಪ್ಪುತ್ತಾರಾ? ಹೊರಗೋಡೆಗೆ ಪೇಂಟ್ ಹೊಡೆಸುವಾಗ ಎರಡೂ ಮನೆಯ ಗೋಡೆಗೂ ಹೊಡೆಸಬೇಕು ತಾನೆ?

ಹೇಮಾವತಿ_ದಂಡೆ:
ಎರಡರದ್ದೂ ಕೊಡುತ್ತೇವೆ ಸರ್. ಅದರಲ್ಲಿ ಜಗಳ ಬೇಡ.

ಕೋರ್ಟು_ರಸ್ತೆ:
ಕಾನೂನಿನ ಕಡೆಯಿಂದ ಸ್ವಲ್ಪ. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 1972ರದ್ದು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ಇಳಿಸುವ ಕೆಲಸವನ್ನು ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಹಾಗಾಗಿ, ಈ ಗೋಡೆ ತೆಗೆದರೆ ಭದ್ರತೆಗೆ ತೊಂದರೆ ಇಲ್ಲ ಅನ್ನುವ ಇಂಜಿನಿಯರ್ ವರದಿಯೇ ನಿಮ್ಮ ಕೈಯಲ್ಲಿರುವ ದೊಡ್ಡ ಆಧಾರ. ನಿಮ್ಮ ಅಪಾರ್ಟ್‌ಮೆಂಟ್ ಈ ಕಾಯ್ದೆಯ ಕೆಳಗೆ ಬರುತ್ತದಾ ಅಥವಾ ಸೊಸೈಟಿಯಾಗಿ ನೋಂದಣಿ ಆಗಿದೆಯಾ ಅಂತಲೂ ನೋಡಿಕೊಳ್ಳಿ.

2022ರಲ್ಲಿ ಸ್ವಾಧೀನ ಅಂದಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಬಿಲ್ಡರ್ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ಜವಾಬ್ದಾರ. ಅಂದರೆ ಅದು 2027ರ ತನಕ. ಈಗ ಗೋಡೆ ಒಡೆದರೆ, ನಾಳೆ ಎಲ್ಲೋ ಬಿರುಕು ಬಂದಾಗ ನೀವು ಒಡೆದಿದ್ದಕ್ಕೇ ಬಂತು ಅಂತ ಅವರು ಜಾರಿಕೊಳ್ಳಬಹುದು. ಕೆಲಸಕ್ಕೆ ಮುಂಚೆ ನಿಮ್ಮ ಮನೆ, ಪಕ್ಕದ ಮನೆ, ಮೇಲಿನ ಕೆಳಗಿನ ಮನೆಗಳ ಗೋಡೆ, ಸೀಲಿಂಗ್ ಎಲ್ಲದರ ಫೋಟೋ ತೆಗೆದಿಡಿ. ಈಗಲೇ ಬಿರುಕು ಇದ್ದರೆ ಅದರ ಪಕ್ಕ ಸ್ಕೇಲ್ ಹಿಡಿದು ತೆಗೆಯಿರಿ.

ಮನೆ ಮೇಲೆ ಸಾಲ ಇದೆಯಾ?

ಹೇಮಾವತಿ_ದಂಡೆ:
ನಮ್ಮ ಈಗಿನ ಮನೆ ಮೇಲೆ ಇದೆ. ಪಕ್ಕದ್ದಕ್ಕೂ ಸ್ವಲ್ಪ ಸಾಲ ಬೇಕಾಗುತ್ತದೆ.

ಕೋರ್ಟು_ರಸ್ತೆ:
ಹಾಗಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಕೂಡ ಬೇಕು. ಅಡಮಾನದಲ್ಲಿರುವ ಮನೆಯ ಗೋಡೆ ಕೇಳದೆ ಒಡೆಯುವಂತಿಲ್ಲ. ಆದಷ್ಟು ಎರಡೂ ಸಾಲ ಒಂದೇ ಬ್ಯಾಂಕಿನಲ್ಲಿ ಇರಲಿ. ಬೇರೆಬೇರೆ ಬ್ಯಾಂಕ್ ಆದರೆ ಇಬ್ಬರನ್ನೂ ಒಪ್ಪಿಸುವುದು ಕಷ್ಟ.

ರಿಜಿಸ್ಟ್ರೇಷನ್ ಖರ್ಚನ್ನೂ ಬಜೆಟ್ಟಿನಲ್ಲಿ ಹಿಡಿಯಿರಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ಎಲ್ಲ ಸೇರಿ ನಗರದಲ್ಲಿ ಶೇ 7.6 ಬರುತ್ತದೆ. 50 ಲಕ್ಷದ ಮನೆಗೆ 3 ಲಕ್ಷ 80 ಸಾವಿರ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟುವುದೂ ಕೊಳ್ಳುವವರ ಜವಾಬ್ದಾರಿ.

ಕಾಫಿ_ಹೂವು:
ಖಾತೆ ಒಂದು ಮಾಡಿಸಬೇಕಾ ಬೇಡ್ವಾ? ನಮ್ಮ ಚಿಕ್ಕಮಗಳೂರಿನಲ್ಲಿ ನಮ್ಮ ಚಿಕ್ಕಪ್ಪ ಹೀಗೇ ಎರಡು ಫ್ಲ್ಯಾಟ್ ಸೇರಿಸಿದ್ದಾರೆ. ಖಾತೆ ಎರಡೇ ಇಟ್ಟುಕೊಂಡಿದ್ದಾರೆ.

ಕೋರ್ಟು_ರಸ್ತೆ:
ನಿಮ್ಮ ಚಿಕ್ಕಪ್ಪ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಎರಡು ಕ್ರಯಪತ್ರ, ಎರಡು ಇ-ಖಾತೆ ಹಾಗೇ ಇರಲಿ. ಎರಡಕ್ಕೂ ಏಪ್ರಿಲ್‌ನಲ್ಲೇ ತೆರಿಗೆ ಕಟ್ಟಿ, ಶೇ 5 ರಿಯಾಯಿತಿ ಸಿಗುತ್ತದೆ. ನಾಳೆ ಒಂದು ಮಾರಬೇಕು ಅಂದರೆ ಗೋಡೆ ಕಟ್ಟಿ ಮಾರಬಹುದು. ಮಕ್ಕಳಿಗೆ ಒಂದೊಂದು ಕೊಡಬೇಕು ಅಂದರೂ ಸುಲಭ. ಒಂದು ಮಾಡಿಬಿಟ್ಟರೆ ಮತ್ತೆ ಬೇರೆ ಮಾಡಿಸಲು ಕಚೇರಿ ಅಲೆಯಬೇಕು.

ಲೆಕ್ಕಪತ್ರ_ಹಾಸನ:
ತೆರಿಗೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಊರಿನ ಹಳೆ ಮನೆ ಮಾರಿ ಆ ದುಡ್ಡಿನಲ್ಲಿ ಫ್ಲ್ಯಾಟ್ ತಗೊಳ್ಳುವವರಿಗೆ ಇದು ಮುಖ್ಯ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54ರಲ್ಲಿ ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ. ಅಕ್ಕಪಕ್ಕದ ಎರಡು ಫ್ಲ್ಯಾಟ್ ಒಂದು ಮನೆಯಾ, ಎರಡಾ ಅನ್ನುವ ಜಗಳ ಕರ್ನಾಟಕ ಹೈಕೋರ್ಟಿಗೇ ಹೋಗಿತ್ತು. ಎರಡು ಕ್ರಯಪತ್ರ ಇದ್ದರೂ ನಡುವೆ ಬಾಗಿಲು ತೆಗೆದು ಒಂದೇ ಮನೆಯ ಹಾಗೆ ಮಾಡಿದ್ದರಿಂದ ಅದು ಒಂದೇ ವಾಸದ ಮನೆ ಅಂತ ಕೋರ್ಟ್ ಒಪ್ಪಿತು. ಇಲಾಖೆಯವರು ಪರಿಶೀಲನೆಗೆ ಹೋದಾಗ ಎರಡರಲ್ಲೂ ಬೇರೆಬೇರೆ ಬಾಡಿಗೆದಾರರು ಇದ್ದರು. ಆದರೂ ವಿನಾಯಿತಿ ನಿಂತಿತು.

2014ರ ತಿದ್ದುಪಡಿ ಆದಮೇಲೆ ಒಂದೇ ಮನೆ, ಅದೂ ಭಾರತದಲ್ಲೇ ಅಂತ ಸ್ಪಷ್ಟ ಮಾಡಿದ್ದಾರೆ. 2019ರಲ್ಲಿ ಲಾಭ 2 ಕೋಟಿ ಒಳಗಿದ್ದರೆ ಜೀವನದಲ್ಲಿ ಒಂದು ಸಲ ಎರಡು ಮನೆಗೂ ಅವಕಾಶ ಕೊಟ್ಟರು. ಮಾರಾಟ ಆಗಿದ್ದರೆ ಕೆಲಸ ಶುರು ಮಾಡುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ. ಬಾಗಿಲು ತೆಗೆದ ಕೆಲಸದ ಬಿಲ್, ಫೋಟೋ ಜೋಪಾನ.

ಹೇಮಾವತಿ_ದಂಡೆ:
ಊರಿನ ಮನೆ ಮಾರುವುದಿಲ್ಲ ಸರ್. ಮಾವ ಅದಕ್ಕೆ ಒಪ್ಪುವುದಿಲ್ಲ, ನಮಗೂ ಮನಸ್ಸಿಲ್ಲ. ಆದರೆ ಈ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ.

ವೈರಿಂಗ್_ಮಂಜಣ್ಣ:
ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹಾಸನದಲ್ಲೇ ವೈರಿಂಗ್ ಕೆಲಸ ಮಾಡುವುದು. ಎರಡು ಮನೆ ಸೇರಿಸಿದ ಕಡೆ ನಾನು ನೋಡಿರುವ ದೊಡ್ಡ ಅಪಾಯ ಇದೇ.

ನಿಮ್ಮ ಮನೆ ಒಂದು ಫೇಸಿನಲ್ಲಿ, ಪಕ್ಕದ ಮನೆ ಇನ್ನೊಂದು ಫೇಸಿನಲ್ಲಿ ಇರಬಹುದು. ಒಂದೊಂದೂ 230 ವೋಲ್ಟ್. ಆದರೆ ಎರಡು ಫೇಸಿನ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒಂದೇ ಸ್ವಿಚ್‌ಬೋರ್ಡಿಗೆ ಎರಡೂ ಮನೆಯ ವೈರ್ ತಂದರೆ ಆ 400 ವೋಲ್ಟ್ ಒಂದು ಪೆಟ್ಟಿಗೆಯೊಳಗೇ ಇರುತ್ತದೆ. ಇನ್ನೊಂದು, ಮೇನ್ ಆಫ್ ಮಾಡಿದ್ದೇನೆ ಅಂತ ನಂಬಿ ಕೈ ಹಾಕುತ್ತೀರಿ. ಆದರೆ ಪಕ್ಕದ ಮನೆಯ ಮೇನ್ ಆನ್ ಇರುತ್ತದೆ.

ನ್ಯೂಟ್ರಲ್ ಕೂಡ ಬೆರೆಸಬಾರದು. ಆರ್‌ಸಿಸಿಬಿ, ಅಂದರೆ ಶಾಕ್ ಹೊಡೆಯದಂತೆ ಕರೆಂಟು ಕಡಿಯುವ ಸ್ವಿಚ್, ಕೆಲಸ ಮಾಡುವುದೇ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅಳೆದು. ಇಲ್ಲಿ ಹೋದದ್ದು ಅಲ್ಲಿ ವಾಪಸ್ ಬಂದರೆ ಎರಡೂ ಟ್ರಿಪ್ ಆಗುತ್ತವೆ. ಆಗ ಯಾರೋ ಬಂದು ಆರ್‌ಸಿಸಿಬಿಯನ್ನೇ ಕಿತ್ತು ಹಾಕುತ್ತಾರೆ. ವಯಸ್ಸಾದವರು ಇರುವ ಮನೆಯಲ್ಲಿ, ಅದೂ ಬಾತ್‌ರೂಮ್ ಗೀಸರ್ ಇರುವ ಕಡೆ, ಅದು ಇಲ್ಲದೆ ಇರಲೇಬಾರದು. ಇನ್ವರ್ಟರ್ ಹಾಕುವಾಗಲೂ ಇದೇ ತಪ್ಪು ಆಗುತ್ತದೆ, ಒಂದೇ ಇನ್ವರ್ಟರಿನಿಂದ ಎರಡೂ ಮನೆಗೆ ಲೈನ್ ಎಳೆದುಬಿಡುತ್ತಾರೆ.

ಎರಡು ಮೀಟರ್, ಎರಡು ಡಿಬಿ (ಎಂಸಿಬಿಗಳ ಪೆಟ್ಟಿಗೆ) ಹಾಗೇ ಬಿಡಿ. ಬಾಗಿಲಿನ ಈಚೆಗೆ ಈ ಮೀಟರ್, ಆಚೆಗೆ ಆ ಮೀಟರ್. ಗಡಿ ದಾಟಿ ಒಂದು ವೈರೂ ಹೋಗಬಾರದು.

ಬೇಲೂರು_ಹುಡುಗ:
ಗೃಹಜ್ಯೋತಿಗೂ ಅದೇ ಒಳ್ಳೆಯದು ಅಲ್ವಾ?

ವೈರಿಂಗ್_ಮಂಜಣ್ಣ:
ಹೌದು. ಒಬ್ಬರ ಹೆಸರಿನಲ್ಲಿ ಎರಡು ಮೀಟರ್ ಇದ್ದರೆ ಒಂದಕ್ಕೆ ಮಾತ್ರ. ಅತ್ತೆ ಮಾವ ನಿಜವಾಗಿ ಆ ಕಡೆ ವಾಸ ಇರುತ್ತಾರಲ್ಲ, ಕ್ರಯವೇ ಮಾವನ ಹೆಸರಿಗೆ ಆದರೆ ಮೀಟರ್ ಕೂಡ ಅವರ ಹೆಸರಿಗೇ ಬರುತ್ತದೆ. ಎಲ್ಲ ಒಂದೇ ಮೀಟರಿಗೆ ತಂದು 200 ಯೂನಿಟ್ ದಾಟಿಸಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಸನಕ್ಕೆ ಮೈಸೂರಿನ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ಅರ್ಜಿ ಅವರವರ ಉಪವಿಭಾಗದಲ್ಲಿ.

ಅಕ್ಕಿರೊಟ್ಟಿ_ಅಮ್ಮ:
ಗೋಡೆ, ಕರೆಂಟು ಎಲ್ಲ ಸರಿ. ಅಡುಗೆಮನೆ ವಿಷಯಕ್ಕೆ ಬನ್ನಿ. ಎರಡು ಒಲೆ ಇಡಬೇಡಮ್ಮ. ನಮ್ಮ ಕಡೆ ಒಲೆ ಬೇರೆ ಆಯಿತು ಅಂದರೆ ಮನೆ ಮುರಿಯಿತು ಅಂತಲೇ. ನೆಂಟರು ಬಂದು ನೋಡಿದರೆ ಸೊಸೆ ಅತ್ತೆಯನ್ನು ಬೇರೆ ಇಟ್ಟಿದ್ದಾಳೆ ಅನ್ನುತ್ತಾರೆ. ನಿಮ್ಮ ಅತ್ತೆ ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ನೋವಾಗಬಹುದು.

ತೊಟ್ಟಿಮನೆ_ಮಗಳು:
ಅಮ್ಮ, ನಾನು ಒಪ್ಪುವುದಿಲ್ಲ. ನಮ್ಮ ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಮಾಡಿಕೊಳ್ಳಬೇಕು. ನಾನು ಏಳುವುದು ಆರೂವರೆಗೆ. ಅವರ ಪಾತ್ರೆ ಸದ್ದಿಗೆ ನನಗೆ ಎಚ್ಚರ, ನನಗೆ ಎಚ್ಚರ ಆಯಿತಲ್ಲ ಅಂತ ಅವರಿಗೆ ಬೇಸರ. ಅವರ ರೂಮಿನ ಕಡೆ ಒಂದು ಸಣ್ಣ ಒಲೆ ಇಟ್ಟಮೇಲೆ ಇಬ್ಬರಿಗೂ ನೆಮ್ಮದಿ. ಮಧ್ಯಾಹ್ನ, ರಾತ್ರಿ ಊಟ ಒಟ್ಟಿಗೇ.

ಅಕ್ಕಿರೊಟ್ಟಿ_ಅಮ್ಮ:
ಕಾಫಿಗೆ ಒಂದು ಒಲೆ ಅಂದರೆ ನನ್ನದೇನೂ ತಕರಾರಿಲ್ಲ. ಮುದ್ದೆ, ಸಾರು ಒಂದೇ ಕಡೆ ಬೇಯಲಿ ಅಷ್ಟೇ.

ಕಾಫಿ_ಹೂವು:
ಅವರೆಕಾಯಿ ಕಾಲದಲ್ಲಿ ಎರಡನೇ ಅಡುಗೆಮನೆ ಬಹಳ ಉಪಯೋಗ. ಹಿತಕಬೇಳೆ ಮಾಡುವ ದಿನ ಸಿಪ್ಪೆ ಹರಡಿಕೊಂಡು ಕೂರಲು ಜಾಗ ಬೇಕಲ್ಲ! ನಮ್ಮ ಚಿಕ್ಕಮ್ಮ ಆ ಕಡೆಯ ಅಡುಗೆಮನೆಯನ್ನು ಹಾಗೇ ಬಿಟ್ಟಿದ್ದಾರೆ. ಕಾಫಿಪುಡಿ, ಮೆಣಸು, ಹಪ್ಪಳ, ಉಪ್ಪಿನಕಾಯಿ ಎಲ್ಲ ಅಲ್ಲೇ.

ಬೇಲೂರು_ಹುಡುಗ:
ಹಿತಕಬೇಳೆ ಸಾರಿಗೆ ಕಾಯಿ ಹಾಲು ಹಾಕುತ್ತೀರಾ, ಅಥವಾ ರುಬ್ಬಿದ ಮಸಾಲೆ ಮಾತ್ರವಾ?

ಅಕ್ಕಿರೊಟ್ಟಿ_ಅಮ್ಮ:
ರುಬ್ಬಿದ ಮಸಾಲೆ. ಕಾಯಿ ಅದರಲ್ಲೇ ಬರುತ್ತದೆ.

ಪ್ಲಂಬಿಂಗ್_ಚನ್ನರಾಯಪಟ್ಟಣ:
ಅಡುಗೆಮನೆ ತೆಗೆದು ಬಾತ್‌ರೂಮ್ ಮಾಡೋಣ ಅಂತ ಹೊರಟವರಿಗೆ ಒಂದು ಎಚ್ಚರಿಕೆ. ಬಾತ್‌ರೂಮಿನ ಕೆಳಗೆ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಪೈಪು, ನಹಾನಿ ಟ್ರಾಪ್ (ನೆಲದ ನೀರು ಇಳಿಯುವ ಜಾಲರಿಯ ಕೆಳಗಿನ ಬಟ್ಟಲು) ಎಲ್ಲ ಆ ತಗ್ಗಿನಲ್ಲಿ ಕೂರುತ್ತವೆ. ಅಡುಗೆಮನೆಯಲ್ಲಿ ಆ ತಗ್ಗು ಇರುವುದಿಲ್ಲ. ಅಲ್ಲಿ ಕಮೋಡ್ ಇಡಬೇಕಾದರೆ ನೆಲ ಎತ್ತರಿಸಬೇಕು. ಮಂಡಿನೋವಿನವರಿಗೆ ಬಾತ್‌ರೂಮಿಗೆ ಮೆಟ್ಟಿಲು ಹತ್ತಿಸಿದ ಹಾಗೆ ಆಯಿತು. ಕೆಳಗಿನ ಮನೆಯವರ ಅಡುಗೆಮನೆಯ ತಲೆಮೇಲೆ ನಿಮ್ಮ ಟಾಯ್ಲೆಟ್ ಬರುತ್ತದೆ. ಅವರು ಸುಮ್ಮನೆ ಇರುತ್ತಾರಾ?

ನೀರಿನ ಜಾಗ ಎಲ್ಲಿದೆಯೋ ಅಲ್ಲೇ ಇರಲಿ. ಈಗಿರುವ ಬಾತ್‌ರೂಮನ್ನೇ ಮಾವನಿಗೆ ಸರಿಮಾಡಿ. ಗೋಡೆಗೆ ಹಿಡಿ, ಜಾರದ ಟೈಲ್, ಎತ್ತರದ ಕಮೋಡ್, ಹೊರಗೆ ತೆರೆಯುವ ಬಾಗಿಲು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಗೆ ತೆರೆಯುವ ಬಾಗಿಲು ತಳ್ಳಲಾಗುವುದಿಲ್ಲ. ಹಳೆ ಟೈಲ್ ಕೀಳಿಸಿದರೆ ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ. ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ. ಆಮೇಲೇ ಟೈಲ್.

ಬಿಎಂ_ರೋಡ್_ಅಣ್ಣ:
ಇನ್ನೂ ಒಂದು ಉಪಾಯ. ಎರಡು ಮುಂಬಾಗಿಲಿನ ಮುಂದೆ ಕಾರಿಡಾರಿಗೇ ಒಂದು ಗ್ರಿಲ್ ಹಾಕಿಸಿಬಿಡಿ. ಗೋಡೆ ಒಡೆಯುವ ಕೆಲಸವೇ ಇಲ್ಲ. ಎರಡೂ ಬಾಗಿಲು ತೆಗೆದಿಟ್ಟರೆ ಒಂದೇ ಮನೆ.

ಕಾರ್ಯದರ್ಶಿ_ಹೇಮಾವತಿನಗರ:
ದಯವಿಟ್ಟು ಬೇಡ. ಕಾರಿಡಾರ್ ಎಲ್ಲರದ್ದು. ಬೆಂಕಿ ಬಿದ್ದಾಗ ಓಡುವ ದಾರಿ ಅದೇ. ನಮ್ಮಲ್ಲಿ ಒಬ್ಬರು ಹಾಗೆ ಗ್ರಿಲ್ ಹಾಕಿದ್ದನ್ನು ತೆಗೆಸಲು ದೊಡ್ಡ ಮಾತುಕತೆ ಆಯಿತು.

ಬಿಎಂ_ರೋಡ್_ಅಣ್ಣ:
ಮಹಡಿಯಲ್ಲಿ ಇನ್ನಾರ ಮನೆಯೂ ಆ ಕಡೆ ಇಲ್ಲದಿದ್ದರೆ?

ಕಾರ್ಯದರ್ಶಿ_ಹೇಮಾವತಿನಗರ:
ಆಗಲೂ ಎಲ್ಲರದ್ದೇ. ಫೈರ್ ಹೋಸ್, ಎಲೆಕ್ಟ್ರಿಕಲ್ ಡಕ್ಟ್ ಅಲ್ಲೇ ಇರುತ್ತದೆ. ರಾತ್ರಿ ಹನ್ನೆರಡಕ್ಕೆ ಏನಾದರೂ ಆದರೆ ಬೀಗದ ಕೈ ಯಾರ ಹತ್ತಿರ ಕೇಳುವುದು?

ಪಂಚಾಂಗ_ಶಾಸ್ತ್ರಿ:
ವಾಸ್ತು ಬಗ್ಗೆ ಯಾರೂ ಹೇಳಲಿಲ್ಲ. ಎರಡು ಮನೆ ಸೇರಿದಾಗ ಒಟ್ಟು ಜಾಗದ ಈಶಾನ್ಯ, ನೈಋತ್ಯ ಬದಲಾಗುತ್ತದೆ. ನಡುವಿನ ಬಾಗಿಲು ಎಲ್ಲಿ ಬರುತ್ತದೆ ಅಂತ ತಿಳಿದವರಿಗೆ ತೋರಿಸಿ. ಒಂದು ಮುಂಬಾಗಿಲು ಖಾಯಂ ಮುಚ್ಚಿಬಿಡುವುದು ಒಳ್ಳೆಯದು.

ಸಿವಿಲ್_ಹಾಸನ:
ನಂಬಿಕೆ ಅವರವರದ್ದು, ಗೌರವ ಇದೆ. ಆದರೆ ಮುಂಬಾಗಿಲು ಗೋಡೆ ಕಟ್ಟಿ ಮುಚ್ಚಬೇಡಿ. ಬೀಗ ಹಾಕಿಕೊಳ್ಳಿ ಸಾಕು. ಅಡುಗೆಮನೆ ಕಡೆ ಬೆಂಕಿ ಹತ್ತಿಕೊಂಡರೆ ಹೊರಗೆ ಹೋಗಲು ಎರಡನೇ ದಾರಿ ಇರುವುದೇ ಈ ಮನೆಯ ದೊಡ್ಡ ಲಾಭ. ಸ್ಟ್ರೆಚರ್ ತರಬೇಕಾದರೂ ಮಾವನ ರೂಮಿಗೆ ನೇರ ಬರಬಹುದು.

ಪಂಚಾಂಗ_ಶಾಸ್ತ್ರಿ:
ಆ ಮಾತು ಒಪ್ಪುತ್ತೇನೆ. ಬೀಗ ಸಾಕು.

ಹೇಮಾವತಿ_ದಂಡೆ:
ಎಲ್ಲ ಓದಿದೆ. ಮನೆಯವರಿಗೂ ಓದಿ ಹೇಳಿದೆ. ಈಗ ನಮ್ಮ ಪ್ರಶ್ನೆ, ಗೋಡೆ ಪೂರ್ತಿ ತೆಗೆದು ದೊಡ್ಡ ಹಾಲ್ ಮಾಡುವುದಾ, ಅಥವಾ ಒಂದು ಬಾಗಿಲಷ್ಟೇ ತೆಗೆಯುವುದಾ? ಮಕ್ಕಳಿಗೆ ದೊಡ್ಡ ಹಾಲ್ ಬೇಕಂತೆ.

ಸಿವಿಲ್_ಹಾಸನ:
ಬಾಗಿಲು ಸಾಕು ಅನ್ನುವುದು ನನ್ನ ಸಲಹೆ. ನಾಲ್ಕು ಅಡಿ ಅಗಲ ಇದ್ದರೆ ವೀಲ್‌ಚೇರ್ ಕೂಡ ಸಲೀಸಾಗಿ ಹೋಗುತ್ತದೆ. ಎರಡು ಕಡೆ ಟಿವಿ ಇದ್ದರೆ ಬಾಗಿಲು ಹಾಕಿಕೊಳ್ಳಬಹುದು. ಮಾವನಿಗೆ ವಾರ್ತೆ, ಮಕ್ಕಳಿಗೆ ಪರೀಕ್ಷೆ. ಮುಂದೆ ಗೋಡೆ ಮತ್ತೆ ಕಟ್ಟಬೇಕಾದರೂ ಒಂದು ದಿನದ ಗಾರೆ ಕೆಲಸ.

ಪೂರ್ತಿ ಗೋಡೆ ತೆಗೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಎರಡೂವರೆ ಟನ್ ತೂಗುತ್ತದೆ. ಪ್ಲಾಸ್ಟರ್ ಸೇರಿ ಮೂರರ ಹತ್ತಿರ. ವಾಸದ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಡೆದ ಬ್ಲಾಕನ್ನು ಎರಡು ಮೀಟರ್ ಉದ್ದ ಅಗಲದ ಜಾಗದಲ್ಲಿ ಗುಡ್ಡೆ ಹಾಕಿದರೆ ಅಲ್ಲಿ ಚದರ ಮೀಟರಿಗೆ 700 ಕಿಲೋ ದಾಟುತ್ತದೆ. ಗೋಡೆ ಒಡೆದದ್ದಕ್ಕೆ ಬಿರುಕು ಬಂತು ಅಂತ ಹೇಳುವ ಎಷ್ಟೋ ಕಡೆ ನಿಜವಾದ ಕಾರಣ ಈ ಗುಡ್ಡೆ. ಒಡೆದಂತೆ ಮೂಟೆ ತುಂಬಿ ಅವತ್ತವತ್ತೇ ಇಳಿಸಬೇಕು.

ಒಡೆಯುವ ಕ್ರಮವೂ ಮುಖ್ಯ. ಮೊದಲು ಎರಡೂ ಕಡೆ ಪ್ರಾಪ್. ಬಾಗಿಲಿನ ಗುರುತು ಹಾಕಿ ಮೇಲೆ ಮಾತ್ರ ಒಂದು ಸೀಳು ಕೊರೆದು ಲಿಂಟಲ್, ಅಂದರೆ ಬಾಗಿಲಿನ ಮೇಲಿನ ಭಾರ ಹೊರುವ ಅಡ್ಡ ತೊಲೆ, ಕೂರಿಸಿ. ಎರಡೂ ಕಡೆ ಗೋಡೆಯೊಳಗೆ ಕನಿಷ್ಠ ಆರರಿಂದ ಎಂಟು ಇಂಚು ಹೋಗಿರಬೇಕು. ಅದು ಗಟ್ಟಿಯಾದ ಮೇಲೆ ಕೆಳಗಿನದನ್ನು ತೆಗೆಯುವುದು. ಸುತ್ತಿಗೆ, ಬ್ರೇಕರ್‌ನಲ್ಲಿ ಬಡಿದರೆ ಅಕ್ಕಪಕ್ಕದ ಪ್ಲಾಸ್ಟರ್ ಎಲ್ಲ ಅದುರಿ ಬಿಡುತ್ತದೆ. ಅಂಚನ್ನು ಕಟಿಂಗ್ ಮೆಷಿನ್‌ನಲ್ಲಿ ಎರಡೂ ಕಡೆಯಿಂದ ಸೀಳಿಕೊಂಡು ಆಮೇಲೆ ಬ್ಲಾಕ್ ಬಿಡಿಸಬೇಕು.

ಬೇಲೂರು_ಹುಡುಗ:
ಒಡೆದ ಕಸ ಎಲ್ಲಿಗೆ ಹಾಕುವುದು? ನಮ್ಮ ಬೀದಿಯಲ್ಲಿ ಯಾರೋ ತಂದು ಚರಂಡಿ ಪಕ್ಕ ಸುರಿದಿದ್ದಾರೆ.

ಕಾರ್ಯದರ್ಶಿ_ಹೇಮಾವತಿನಗರ:
ಟ್ರ್ಯಾಕ್ಟರಿನವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಡಿ. ಎಲ್ಲಿ ಹಾಕುತ್ತೀರಿ ಅಂತ ಕೇಳಿ. ಹುಣಸಿನಕೆರೆ ಥರದ ಕೆರೆ ಅಂಚಿನಲ್ಲಿ, ರಾತ್ರಿ ಹೊತ್ತು ಸುರಿಯುವವರು ಇದ್ದಾರೆ. ಯಾರಾದರೂ ಹೊಸ ಮನೆಗೆ ಪಾಯ ತುಂಬಿಸುತ್ತಿದ್ದರೆ ಬ್ಲಾಕ್ ಚೂರು ಅವರಿಗೇ ಬೇಕಾಗಿರುತ್ತದೆ. ನಮ್ಮಲ್ಲಿ ಹಾಗೇ ಕೊಟ್ಟೆವು.

ಕೆಲಸದ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಮಾರ್ಚ್‌ನಲ್ಲಿ ಬೇಡವೇ ಬೇಡ, ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಇರುತ್ತಾರೆ. ಕೆಳಗಿನ ಮನೆಯವರಿಗೆ ನೀವೇ ಹೋಗಿ ಮುಂಚೆ ಹೇಳಿ, ನೋಟಿಸ್ ಬೋರ್ಡ್ ಸಾಲದು.

ಟೈಲ್ಸ್_ಚಿಕ್ಕಮಗಳೂರು:
ನೆಲದ ಬಗ್ಗೆ ಒಂದು. ಪಕ್ಕದವರು ಹಳೆ ಟೈಲ್ ಮೇಲೇ ಹೊಸ ಟೈಲ್ ಅಂಟಿಸಿದ್ದರೆ ಎರಡು ನೆಲಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ ಬರುತ್ತದೆ. ದೊಡ್ಡ ಮೆಟ್ಟಿಲಾದರೆ ಕಣ್ಣಿಗೆ ಕಾಣುತ್ತದೆ. ಮುಕ್ಕಾಲು ಇಂಚು ಕಾಣುವುದಿಲ್ಲ, ವಯಸ್ಸಾದವರು ಕಾಲು ಎಳೆದು ನಡೆಯುವಾಗ ಅಲ್ಲೇ ಎಡವುತ್ತಾರೆ. ಬಾಗಿಲಿನ ಅಡಿಗೆ ಒಂದು ಅಡಿ ಅಗಲದ ಗ್ರಾನೈಟ್ ಪಟ್ಟಿ ಇಳಿಜಾರಾಗಿ ಕೂರಿಸಿ. ಪಾಲಿಷ್ ಬೇಡ, ಫ್ಲೇಮ್ ಮಾಡಿದ (ಬೆಂಕಿಯ ಜ್ವಾಲೆ ಹಾಯಿಸಿದ) ಒರಟು ಮೈ ಇರಲಿ. ನಿಮ್ಮೂರಿನದೇ ಹಾಸನ್ ಗ್ರೀನ್ ಕಲ್ಲು ಇದೆ, ಕಡು ಹಸಿರು. ತಿಳಿ ಬಣ್ಣದ ಟೈಲ್ ನಡುವೆ ಎದ್ದು ಕಾಣುತ್ತದೆ. ಅದೇ ಒಳ್ಳೆಯದು, ಇಲ್ಲಿ ನೆಲ ಬದಲಾಗುತ್ತದೆ ಅಂತ ಕಣ್ಣಿಗೆ ಗೊತ್ತಾಗಬೇಕು. ಎರಡೂ ಕಡೆ ಒಂದೇ ಟೈಲ್ ಹುಡುಕಲು ಹೋಗಬೇಡಿ. ಅದೇ ಕಂಪನಿಯದು ಸಿಕ್ಕರೂ ಬ್ಯಾಚ್ ಬದಲಾದರೆ ಬಣ್ಣ ಬದಲು.

ಹೇಮಾವತಿ_ದಂಡೆ:
ಪಕ್ಕದವರ ಒಪ್ಪಿಗೆ ತಗೊಂಡು, ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಒಬ್ಬ ಇಂಜಿನಿಯರನ್ನು ಕರೆಸಿದ್ದೆವು. ನಮ್ಮ ಕಡೆಯಿಂದ, ಬಾಗಿಲು ಬೇಕು ಅಂದುಕೊಂಡ ಜಾಗದಲ್ಲಿ ಒಂದು ಅಡಿ ಚೌಕ ಪ್ಲಾಸ್ಟರ್ ಬಿಡಿಸಿ ನೋಡಿದರು. ಬಲಕ್ಕೆ ಬೂದು ಬಣ್ಣದ ಬ್ಲಾಕ್, ನಡುವೆ ಗಾರೆ ಸಂದು ಕಾಣುತ್ತದೆ. ಎಡಕ್ಕೆ ಸಂದೇ ಇಲ್ಲದ ನುಣ್ಣನೆಯ ಕಾಂಕ್ರೀಟ್. ಎರಡೂ ಸೇರುವ ಕಡೆ ಮೇಲಿನಿಂದ ಕೆಳಗೆ ತಂತಿ ಬಲೆ ಹೊಡೆದಿದ್ದಾರೆ. ಬ್ಲಾಕಿನ ಭಾಗದಲ್ಲಿ ಒಂದು ಬಿಳಿ ಪೈಪೂ ಮೇಲಕ್ಕೆ ಹೋಗಿದೆ. ಅವರು ನಾಳೆ ಬರೆದುಕೊಡುತ್ತೇನೆ ಅಂದರು. ಅಷ್ಟರೊಳಗೆ ನಿಮ್ಮನ್ನೂ ಕೇಳೋಣ ಅನ್ನಿಸಿತು.

ಸಿವಿಲ್_ಹಾಸನ:
ಎಡಕ್ಕೆ ಕಾಣುವುದು ಪಿಲ್ಲರ್. ತಂತಿ ಬಲೆ ಹೊಡೆಯುವುದೇ ಕಾಂಕ್ರೀಟು, ಬ್ಲಾಕು ಸೇರುವ ಕಡೆ ಪ್ಲಾಸ್ಟರ್ ಬಿರಿಯಬಾರದು ಅಂತ. ಪಿಲ್ಲರಿಗೆ ಒಂದು ಆಣಿಯಷ್ಟೂ ಕೊರೆಯಬೇಡಿ. ಬಾಗಿಲನ್ನು ಬಲಕ್ಕೆ ಸರಿಸಿ. ಪಿಲ್ಲರಿನ ಅಂಚಿನಿಂದ ಒಂದು ಅಡಿಯಾದರೂ ಬ್ಲಾಕ್ ಗೋಡೆ ಉಳಿಯಲಿ, ಲಿಂಟಲ್ಲಿನ ಆ ತುದಿ ಅದರ ಮೇಲೆ ಕೂರುತ್ತದೆ. ಅವರೂ ಬಹುಶಃ ಇದನ್ನೇ ಬರೆಯುತ್ತಾರೆ. ಬಾಗಿಲಿನ ಅಳತೆ, ಜಾಗ ಎರಡನ್ನೂ ಡ್ರಾಯಿಂಗಿನಲ್ಲಿ ಹಾಕಿಸಿ ಸಹಿ ತಗೊಳ್ಳಿ. ಅಸೋಸಿಯೇಷನ್ನಿಗೆ ಕೊಡುವ ಅರ್ಜಿಗೂ ಅದೇ.

ವೈರಿಂಗ್_ಮಂಜಣ್ಣ:
ಆ ಬಿಳಿ ಪೈಪಿನಲ್ಲಿ ವೈರ್ ಇರುತ್ತದೆ. ಯಾವ ಮನೆಯದು ಅಂತ ಒಂದೊಂದೇ ಮೇನ್ ಆಫ್ ಮಾಡಿ ಟೆಸ್ಟರ್ ಇಟ್ಟು ನೋಡಬೇಕು. ಬಾಗಿಲಿನ ದಾರಿಗೆ ಬರುವುದಾದರೆ ಒಡೆಯುವ ಮುಂಚೆಯೇ ಆ ವೈರನ್ನು ಹೊರಗೆ ಎಳೆದು ಬೇರೆ ಕಡೆಯಿಂದ ತರಬೇಕು. ಗೋಡೆ ಒಡೆಯುವವರ ಜೊತೆ ವೈರಿಂಗಿನವರು ಮೊದಲ ದಿನ ಸ್ಥಳದಲ್ಲೇ ಇರಲಿ.

ಹೇಮಾವತಿ_ದಂಡೆ:
ಹಾಗೇ ಮಾಡಿಸುತ್ತೇವೆ ಅಣ್ಣ. ರಿಜಿಸ್ಟ್ರೇಷನ್ ಆಗುವ ತನಕ ಗೋಡೆ ಮುಟ್ಟುವುದಿಲ್ಲ. ಬ್ಯಾಂಕಿಗೆ ಸೋಮವಾರ ಅರ್ಜಿ ಕೊಡುತ್ತಿದ್ದೇವೆ.

ಕೋರ್ಟು_ರಸ್ತೆ:
ಪಕ್ಕದ ಮನೆಯ ಇಸಿ (ಋಣಭಾರ ಪತ್ರ), ಇ-ಖಾತೆ, ತೆರಿಗೆ ರಸೀದಿ, ಅಸೋಸಿಯೇಷನ್ನಿನ ಬಾಕಿ ಇಲ್ಲ ಅನ್ನುವ ಪತ್ರ, ಇಷ್ಟನ್ನೂ ಅಡ್ವಾನ್ಸ್ ಕೊಡುವ ಮುಂಚೆ ಕೈಗೆ ತಗೊಳ್ಳಿ.